ಬಿಚ್ಚುವ ಮೊದಲು ಕೇಳಬೇಕು

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ ಭಾಗ. ಜೇವರ್ಗಿಯಿಂದ ಹೊರಟು ಬಳ್ಳಾರಿ ದಾಟಿ ಚಾಮರಾಜನಗರದವರೆಗೆ ಹೋಗುವ ಈ ಹೆದ್ದಾರಿಯಲ್ಲಿ ನಮ್ಮ ಮೂರು ಊರುಗಳ ಪಾಲು ಸುಮಾರು 55 ಕಿಲೋಮೀಟರ್. ಶಿಕ್ಷಕರು, ಬ್ಯಾಂಕಿನವರು, ಅಕ್ಕಿ ಗಿರಣಿಯವರು, ಹಟ್ಟಿ ಚಿನ್ನದ ಗಣಿಗೆ ಹೋಗುವವರು ದಿನವೂ ಇಲ್ಲಿ ಓಡಾಡುತ್ತಾರೆ. ಕಾರಿನ ಗಾಲಿಯಿಂದ ಬರುವ ಸದ್ದಿಗೆ ಹೆದರಿ, ಯಾರೋ ಹೇಳಿದ ಸಾಮಾನು ಹಾಕಿಸಿ, ಮರುದಿನವೂ ಅದೇ ಸದ್ದು ಕೇಳಿ ಕೈಚೆಲ್ಲಿದವರು ಇವರಲ್ಲಿ ಬಹಳ ಮಂದಿ. ಕೆಳಗಿನ ಮಾತುಕತೆ ಅಂಥವರಿಗಾಗಿ. ಒಬ್ಬರು ಸಿಂಧನೂರಿನಲ್ಲಿದ್ದು ಲಿಂಗಸುಗೂರು ಕಡೆಯ ಶಾಲೆಗೆ ತಾವೇ ಕಾರು ಓಡಿಸಿಕೊಂಡು ಹೋಗುವ ಅಕ್ಕೋರು, ವಿಜ್ಞಾನ ಕಲಿಸುವವರು. ಇನ್ನೊಬ್ಬರು ವಯಸ್ಸಾದ ಮಿಸ್ತ್ರಿ.

ಅಕ್ಕೋರು: ಕಾಕಾ, ಮುಂದಿನ ಎರಡೂ ಗಾಲಿ ಬೇರಿಂಗ್ ಹೋಗ್ಯಾವಂತ. ಒಂದು ಗ್ಯಾರೇಜಿನ್ಯಾಗ ಹೇಳಿ ಚೀಟಿ ಬರೆದುಕೊಟ್ಟಾರ. ನೀವು ಹಾಕಿಕೊಡ್ತೀರಿ ಅಂತ ಬಂದೆ.

ಮಿಸ್ತ್ರಿ: ಜಾಕ್ ಏರಿಸಿ ಗಾಲಿ ತಿರುವಿ ನೋಡಿದ್ರೇನ್ರಿ ಅವರು?

ಅಕ್ಕೋರು: ಇಲ್ರಿ. ಒಂದು ಸುತ್ತು ಓಡಿಸಿ ಬಂದ್ರು, ಬೇರಿಂಗ್ ಅಂದ್ರು.

ಮಿಸ್ತ್ರಿ: ಆ ಚೀಟಿ ಪರ್ಸಿನ್ಯಾಗ ಇಟ್ಕೊಳ್ರಿ. ಸಾಮಾನು ತರೋದು ಆಮ್ಯಾಲ. ಮೊದಲ ನಾ ಕೇಳಿದ್ದು ಹೇಳ್ರಿ. ಸದ್ದು ಬರ್ತೈತೋ, ಗಾಡಿ ನಡುಗ್ತೈತೋ?

ಅಕ್ಕೋರು: ಎರಡೂ.

ಮಿಸ್ತ್ರಿ: ಎರಡೂ ಒಂದ ದಿನ ಶುರುವಾದ್ವ?

ಅಕ್ಕೋರು: ಇಲ್ಲ. ಹುಂಯ್ ಅನ್ನೋ ಸದ್ದು ಬ್ಯಾಸಗಿಯಿಂದ ಐತಿ. ಮೊದಲು ಸಣ್ಣಗಿತ್ತು, ಈಗ ಪಕ್ಕದಾಗ ಕುಂತವರ ಜೋಡಿ ಮಾತಾಡಾಕ ದನಿ ಏರಸಬೇಕು. ಸ್ಟೇರಿಂಗ್ ನಡುಗೋದು ಹೋದ ವಾರದಿಂದ.

ಮಿಸ್ತ್ರಿ: ಅಂದ್ರ ಇವು ಎರಡು ತಕರಾರು. ಒಂದ ಚೀಟ್ಯಾಗ ಕಟ್ಟಿಹಾಕ್ಯಾರ. ನಡುಕ ಎಷ್ಟು ಸ್ಪೀಡಿಗೆ ಬರ್ತೈತಿ?

ಅಕ್ಕೋರು: 75 ದಾಟಿದ್ರ ಶುರು. 80, 90ಕ್ಕ ಜೋರು. 100ರ ಮ್ಯಾಲ ಒಂದೆರಡು ಸಲ ಹೋಗೀನಿ, ಅಲ್ಲಿ ಕಮ್ಮಿ ಅನಿಸ್ತು.

ಮಿಸ್ತ್ರಿ: ಬ್ರೇಕ್ ಒತ್ತಿದಾಗ ಹೆಚ್ಚಾಗ್ತೈತೇನು?

ಅಕ್ಕೋರು: ಇಲ್ಲ. ಸ್ಪೀಡ್ ಇಳಿದಂಗ ಅದೂ ಇಳೀತೈತಿ.

ಮಿಸ್ತ್ರಿ: ಕೈಗೆ ಹತ್ತತೈತೋ, ಕುಂತ ಸೀಟಿಗೆ ಹತ್ತತೈತೋ?

ಅಕ್ಕೋರು: ಕೈಗೆ. ಸ್ಟೇರಿಂಗ್ ಹಿಡಿದ ಬೆರಳು ಜುಮ್ ಅಂತಾವ.

ಮಿಸ್ತ್ರಿ: ಕೈಗೆ ಬಂದ್ರ ಮುಂದಿನ ಗಾಲಿ, ಸೀಟಿಗೆ ನೆಲಕ್ಕ ಬಂದ್ರ ಹಿಂದಿನವು. ಬ್ರೇಕ್ ಒತ್ತಿದಾಗಷ್ಟ ಬಂದಿದ್ರ ಡಿಸ್ಕ್ ನೋಡತಿದ್ದೆ. ಒಂದು ಸ್ಪೀಡಿಗೆ ಬಂದು ಇನ್ನೊಂದು ಸ್ಪೀಡಿಗೆ ಹೋಗೋದು ತೂಕದ ತಕರಾರು. ಗಾಲಿಯ ಒಂದು ಮಗ್ಗಲು ಭಾರ ಆಗೈತಿ. ಹೋದ ವಾರ ಎಲ್ಲಿಗೆ ಹೋಗಿದ್ರಿ?

ಅಕ್ಕೋರು: ಗೆಳತಿ ಮನಿಗೆ, ರೈತರ ಕ್ಯಾಂಪಿಗೆ. ಕಾಲುವಿ ದಂಡಿ ಹಿಡಿದು ಹೋಗಬೇಕು. ನೀರು ಬಿಟ್ಟಾರಲ್ಲ, ನಾಟಿ ನಡೆದೈತಿ. ರಸ್ತಿ ತುಂಬ ರಾಡಿ. ಆದ್ರ ಬಂದ ಮ್ಯಾಲ ತೊಳಿಸೀನಿ.

ಮಿಸ್ತ್ರಿ: ಹೊರಗ ತೊಳದಾರ. ಒಳಗ ನೋಡೂಣು ಬರ್ರಿ.

ಬಲಗಡೆಯ ಮುಂದಿನ ಗಾಲಿ ಬಿಚ್ಚಿ ನೆಲಕ್ಕೆ ಬೋರಲು ಹಾಕಿದರು. ರಿಮ್ಮಿನ ಒಳಬದಿಯಲ್ಲಿ, ಹೊರಗಿನಿಂದ ಕಣ್ಣಿಗೆ ಬೀಳದ ಕಡೆ, ಅಂಗೈ ಅಗಲದ ಎರೆಮಣ್ಣಿನ ಹೆಂಟೆ ಅಂಟಿಕೊಂಡಿತ್ತು. ಮೇಲ್ಮೈ ಒಣಗಿ ಬಿರಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದಾಗ ಒಳಗೆ ಇನ್ನೂ ಕಪ್ಪು, ಇನ್ನೂ ಹಸಿ. ಭತ್ತದ ಹುಲ್ಲಿನ ಎರಡು ಎಳೆ, ಕಡಲೆಕಾಳಿನಷ್ಟು ದಪ್ಪನೆಯ ಒಂದು ಕಲ್ಲು ಅದರೊಳಗಿದ್ದವು. ಮಿಸ್ತ್ರಿ ಒಂದು ಕೈಯಲ್ಲಿ ಹೆಂಟೆ, ಇನ್ನೊಂದು ಕೈಯಲ್ಲಿ ರಿಮ್ಮಿಗೆ ಅಂಟಿಸುವ ತೂಕದ ಪಟ್ಟಿ ಹಿಡಿದು ತೂಗಿ ನೋಡಿದರು.

ಮಿಸ್ತ್ರಿ: ಹೆಚ್ಚೂ ಕಮ್ಮಿ 50 ಗ್ರಾಂ ಐತಿ.

ಅಕ್ಕೋರು: ಇಷ್ಟು ಮಣ್ಣು ಅಷ್ಟು ದೊಡ್ಡ ಕಾರನ್ನ ನಡುಗಿಸ್ತೈತಿ?

ಮಿಸ್ತ್ರಿ: ನೀವು ಸೈನ್ಸ್ ಅಕ್ಕೋರು. ಲೆಕ್ಕ ನೀವ ಹಾಕ್ರಿ.

ಅಕ್ಕೋರು: ತಡೀರಿ. ಟೈರಿನ ಮ್ಯಾಲ 165/80 ಆರ್ 14 ಅಂತ ಐತಿ. ಹಂಗಾದ್ರ ಸುತ್ತಳತಿ ಎರಡು ಮೀಟರಿಗೆ ಚೂರು ಕಮ್ಮಿ. ಗಂಟೆಗೆ 80 ಕಿಲೋಮೀಟರ್ ಅಂದ್ರ ಸೆಕೆಂಡಿಗೆ 22 ಮೀಟರ್. ಗಾಲಿ ಸೆಕೆಂಡಿಗೆ 11 ಸಲಕ್ಕಿಂತ ಹೆಚ್ಚು ತಿರುಗ್ತೈತಿ. ಮಣ್ಣು ನಡುವಿನಿಂದ 17 ಸೆಂಟಿಮೀಟರ್ ದೂರ ಐತಿ ಅಂತ ಹಿಡಿದ್ರ... ಕಾಕಾ, ನಾಲ್ಕೂವರಿ ಕಿಲೋ ತೂಕ ಜಗ್ಗಿದಷ್ಟು ಬಲ ಬರ್ತೈತಿ. ಅದೂ ಸೆಕೆಂಡಿಗೆ 11 ಸಲ ದಿಕ್ಕು ಬದಲಿಸ್ತಾ.

ಮಿಸ್ತ್ರಿ: 40ಕ್ಕ ಓಡಿಸಿದ್ರ?

ಅಕ್ಕೋರು: ಒಂದು ಕಿಲೋಕ್ಕ ಬರ್ತೈತಿ. ಸ್ಪೀಡ್ ಅರ್ಧ ಆದ್ರ ಬಲ ಕಾಲುಭಾಗ. ಅದಕ್ಕ ಊರೊಳಗ ಏನೂ ಗೊತ್ತಾಗಲಿಲ್ಲ. ಆದ್ರ ಇನ್ನೊಂದು ಹೊಂದಂಗಿಲ್ಲ. 100ಕ್ಕ ಬಲ ಏಳು ಕಿಲೋ ಆಗ್ತೈತಿ. ನಡುಕ ಹೆಚ್ಚಾಗಬೇಕಿತ್ತು, ಕಮ್ಮಿ ಯಾಕಾತು?

ಮಿಸ್ತ್ರಿ: ಗಾಲಿ, ಸ್ಪ್ರಿಂಗು, ಸ್ಟೇರಿಂಗ್ ರಾಡು ಇವಕ್ಕ ತಮ್ಮದ ಒಂದು ಕುಣಿತ ಇರ್ತೈತಿ. ಗಾಲಿ ಒದೆಯೋದು ಆ ಕುಣಿತಕ್ಕ ಸರಿಯಾಗಿ ಕೂಡಿದಾಗ ಜೋರು. ದಾಟಿದ್ರ ಕೈಗೆ ಕಮ್ಮಿ ಅನಸ್ತೈತಿ. ಬೇರಿಂಗಿಗೆ, ಬುಷ್‌ಗೆ, ಬಾಲ್ ಜಾಯಿಂಟಿಗೆ ಪೆಟ್ಟು ಬೀಳೋದು ಮಾತ್ರ ನಿಂತಿರಂಗಿಲ್ಲ. ಕಮ್ಮಿ ಆತಂತ 100ರ ಮ್ಯಾಲ ಓಡಿಸೋ ಹುಡುಗರ್ನ ಕಂಡೀನಿ. ಅದು ತಪ್ಪು.

ಅಕ್ಕೋರು: ಅನುರಣನ. ಎಂಟನೇತ್ತೆಯವರಿಗೆ ಉಯ್ಯಾಲಿ ತೋರಿಸಿ ಕಲಸ್ತೀನಿ. ಸ್ಟೇರಿಂಗ್‌ದಾಗ ಐತಿ ಅಂತ ಅನ್ಕೊಂಡಿರಲಿಲ್ಲ.

ಮಿಸ್ತ್ರಿ: ಸಿಂಧನೂರಾಗ ಗಾಡಿ ನಡುಗ್ತೈತಿ ಅಂತ ಬಂದ್ರ ನಾ ಮೊದಲ ರಿಮ್ಮಿನ ಒಳಗ ಬೆರಳು ಹಾಕ್ತೀನಿ. ಬೇರೆ ಊರಾಗ ಬ್ಯಾಲೆನ್ಸಿಂಗ್ ಮಷೀನಿಗೆ ಮೊದಲು ಏರಸಬಹುದು. ಇಲ್ಲಿ ಮಣ್ಣು ತಗೀದ ಮಷೀನಿಗೆ ಏರಿಸಿದ್ರ, ಮಣ್ಣಿಗೆ ಎದುರಾಗಿ ಸೀಸ ಹಚ್ಚಿ ಕಳಸ್ತಾರ. ನಾಲ್ಕು ದಿನಕ್ಕ ಮಣ್ಣು ಉದುರತೈತಿ, ಸೀಸ ಉಳೀತೈತಿ, ನಡುಕ ತಿರುಗಿ ಬರ್ತೈತಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ತಾಲೂಕನ್ನು ಭತ್ತದ ಸೀಮೆ ಮಾಡಿತು. ನೀರು ಕುಡಿದು ಉಬ್ಬುವ, ಬಿಸಿಲಿಗೆ ಬಿರಿದು ಕುಗ್ಗುವ ಎರೆಮಣ್ಣಿನ ಮೇಲೆಯೇ ಇಲ್ಲಿನ ಗದ್ದೆ, ಇಲ್ಲಿನ ರಸ್ತೆ. ನಾಟಿಯ ಕಾಲಕ್ಕೆ ಗದ್ದೆ ತುಳಿಯಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಅದನ್ನು ಬಿಚ್ಚದೆ ಒಂದು ಹೊಲದಿಂದ ಇನ್ನೊಂದಕ್ಕೆ ಡಾಂಬರಿನ ಮೇಲೆಯೇ ಓಡಿಸುವವರಿದ್ದಾರೆ. ಕಬ್ಬಿಣದ ಪಟ್ಟಿ ಡಾಂಬರನ್ನು ಕೊರೆಯುತ್ತದೆ, ಕೊರೆದಲ್ಲಿ ನೀರು ಇಳಿಯುತ್ತದೆ, ತಗ್ಗು ಬೀಳುತ್ತದೆ. ಹಾಗೆ ಬಿದ್ದ ತಗ್ಗಿಗೆ ಎಷ್ಟು ರಿಮ್ಮು ಬೆಂಡಾಗಿವೆ ಎಂಬುದನ್ನು ಈ ಭಾಗದ ಯಾವ ಪಂಕ್ಚರ್ ಅಂಗಡಿಯವರನ್ನಾದರೂ ಕೇಳಬಹುದು. ಅರ್ಧ ಗಂಟೆಯ ಬಿಚ್ಚುವ ಕೆಲಸ ಉಳಿಸಲು ಊರಿನ ರಸ್ತೆಯನ್ನೇ ಕಳೆದುಕೊಳ್ಳುವುದು ರೈತನಿಗೂ ನಷ್ಟ.

ನಾಲ್ಕೂ ರಿಮ್ಮು ಕೆರೆದು ತೊಳೆದು, ಗಾಳಿ ಸರಿಮಾಡಿ ಇಬ್ಬರೂ ಮಸ್ಕಿ ಕಡೆ ಹೊರಟರು. 85ರಲ್ಲಿ ಸ್ಟೇರಿಂಗ್ ಕಲ್ಲಿನಂತೆ ನಿಂತಿತ್ತು. ಹುಂಯ್ ಸದ್ದು ಮಾತ್ರ ಇದ್ದಲ್ಲೇ ಇತ್ತು.

ಅಕ್ಕೋರು: ಇದು ಬೇರಿಂಗ್ ಹೌದಲ್ಲ?

ಮಿಸ್ತ್ರಿ: ಹೌದಿರಬಹುದು, ಇಲ್ಲದಿರಬಹುದು. ಗ್ಲಾಸ್ ಏರಿಸ್ರಿ, ಟೇಪ್ ಬಂದ್ ಮಾಡ್ರಿ. 60ಕ್ಕ ಬರ್ರಿ. ಮುಂದ ಹಿಂದ ಯಾರೂ ಇಲ್ಲಲ್ಲ? ಈಗ ನ್ಯೂಟ್ರಲ್ ಮಾಡ್ರಿ. ಚಾವಿ ಮುಟ್ಟಬ್ಯಾಡ್ರಿ. ಇಂಜಿನ್ ಬಂದಾದ್ರ ಸ್ಟೇರಿಂಗ್ ಬಿಗೀತೈತಿ, ಬ್ರೇಕಿನ ಬಲ ಹೋಗ್ತೈತಿ.

ಅಕ್ಕೋರು: ಇಂಜಿನ್ ದನಿ ಇಳೀತು. ಹುಂಯ್ ಹಂಗ ಐತಿ.

ಮಿಸ್ತ್ರಿ: ಇಂಜಿನ್ನು, ಕ್ಲಚ್ಚು ಲೆಕ್ಕದಿಂದ ಹೊರಗ ಹೋದ್ವು. ಗಾಲಿ ಜೋಡಿ ತಿರುಗೋದು ಯಾವುದೋ ಒಂದು ಕೂಗಾಕ ಹತ್ತೈತಿ. ಗೇರ್ ಹಾಕ್ರಿ. ಈಗ ಮೆಲ್ಲಕ ಬಲಕ್ಕ ಒಂದು ಸಲ, ಎಡಕ್ಕ ಒಂದು ಸಲ ತೂಗ್ರಿ. ಗಾಡಿ ಬಲಕ್ಕ ಹೊಳ್ಳಿದಾಗ ಭಾರ ಎಡಗಾಲಿ ಮ್ಯಾಲ ಬೀಳತೈತಿ. ಎಡ ಬೇರಿಂಗ್ ಕೆಟ್ಟಿದ್ರ ಆಗ ಜೋರು ಕೂಗತೈತಿ. ಎಡಕ್ಕ ಹೊಳ್ಳಿದಾಗ ಬಲದ್ದು.

ಅಕ್ಕೋರು: ಬಲಕ್ಕ ಹೊಳ್ಳಿದಾಗ ಚೂರು ಹೆಚ್ಚಾತು. ಹಂಗಾದ್ರ ಎಡ ಬೇರಿಂಗ್?

ಮಿಸ್ತ್ರಿ: ಒಂದ ಸಾಕ್ಷಿ ಮ್ಯಾಲ ತೀರ್ಪು ಬ್ಯಾಡ. ಭಾರ ಬಿದ್ರ ಟೈರೂ ದನಿ ಬದಲಸ್ತೈತಿ. ಮುಂದ ಹೊಸ ಡಾಂಬರ್ ಹಾಕಿದ ತುಂಡು ಬರ್ತೈತಿ. ಅದ ಸ್ಪೀಡ್ ಇಟ್ಕೊಂಡು ಕಿವಿ ಕೊಡ್ರಿ.

ನುಣುಪಾದ ಡಾಂಬರಿನ ಮೇಲೆ ಕಾರು ಏರಿದ ಕೂಡಲೇ ಸದ್ದು ಅರ್ಧಕ್ಕಿಂತ ಕಡಿಮೆಯಾಯಿತು. ತುಂಡು ಮುಗಿದು ಹಳೆಯ ಜಲ್ಲಿ ಎದ್ದ ರಸ್ತೆ ಸಿಕ್ಕಿದ್ದೇ ತಡ, ಮತ್ತೆ ಹುಂಯ್.

ಮಿಸ್ತ್ರಿ: ಬೇರಿಂಗ್ ಹಬ್ಬಿನೊಳಗ ಐತಿ. ಅದಕ್ಕ ರಸ್ತಿ ಹೊಸದೋ ಹಳೇದೋ ಗೊತ್ತಾಗಂಗಿಲ್ಲ. ರಸ್ತಿ ಬದಲಾದ್ರ ದನಿ ಬದಲಾಗೋದು ರಸ್ತಿ ಮುಟ್ಟೋ ಸಾಮಾನಿಂದು. ಅದು ಟೈರ್.

ಅಕ್ಕೋರು: ಅಂದ್ರ ಚೀಟಿ ಸುಳ್ಳು.

ಮಿಸ್ತ್ರಿ: ಇನ್ನೂ ಅನ್ನಬ್ಯಾಡ್ರಿ. ಮಸ್ಕ್ಯಾಗ ನಿಲ್ಲಸೂಣು, ಖಾತ್ರಿ ಮಾಡೂಣು.

ಅಕ್ಕೋರು: ಕಾಕಾ, ಈ ಗಾಡಿ ಈಗ ಮ್ಯಾಲ ಕೆಳಗ ತೂಗಾಕ ಹತ್ತೈತಲ್ಲ, ಇದೂ ಟೈರಿಂದ?

ಮಿಸ್ತ್ರಿ: ಇಲ್ಲ, ಇದು ನೆಲದ್ದು. ಎರಿ ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಗ್ಯಾಗ ಕುಂದತೈತಿ, ಮ್ಯಾಲಿನ ರಸ್ತಿ ಅಲಿ ಅಲಿ ಆಗ್ತೈತಿ. ನೆಲ್ಲು ತುಂಬಿದ ಲಾರಿ ಓಡಾಡಿ ಇನ್ನಷ್ಟು ಒತ್ತತಾವ. ಸೆಕೆಂಡಿಗೆ ಒಂದೋ ಎರಡೋ ಸಲ ನಿಧಾನಕ ತೂಗಿದ್ರ ರಸ್ತಿ. ಹತ್ತು, ಹನ್ನೆರಡು ಸಲ ಜುಮುಜುಮು ಅಂದ್ರ ಗಾಲಿ. ಆದ್ರ ಅಲಿ ದಾಟಿದ ಮ್ಯಾಲೂ ಗಾಡಿ ಎರಡು ಮೂರು ಸಲ ಕುಪ್ಪಳಿಸಿದ್ರ ಶಾಕ್ ಅಬ್ಸಾರ್ಬರ್ ಸೋತೈತಿ ಅಂತ. ನಿಮ್ಮ ಹಿಂದಿನ ಕಡೆ ಕುಪ್ಪಳಿಸ್ತು. ನೋಡೀನಿ ನಾನು.

ಮಸ್ಕಿಯಲ್ಲಿ ಒಂದು ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿ, ಅಂಗಡಿಯವರ ಜಾಕು ತಮ್ಮ ಜಾಕು ಎರಡೂ ಇಟ್ಟು, ಹಿಂದಿನ ಟೈರು ಮುಂದಕ್ಕೆ, ಮುಂದಿನವು ಹಿಂದಕ್ಕೆ ಹಾಕಿದರು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಬೇರೆ ಏನನ್ನೂ ಮುಟ್ಟಲಿಲ್ಲ. ಚಹಾ ಬಂತು.

ಅಕ್ಕೋರು: ಟೈರ್ ಅಂತ ಗೊತ್ತಾದ ಮ್ಯಾಲ ಅದಲುಬದಲು ಯಾಕ?

ಮಿಸ್ತ್ರಿ: ಗೊತ್ತಾಗಿದ್ದು ನನ್ನ ಕಿವಿಗೆ. ಕಿವಿ ಮೋಸ ಹೋಗ್ತೈತಿ. ಕಾರಿನೊಳಗ ಸದ್ದು ಕಬ್ಬಿಣದಾಗ ಹರಿದು ಬರ್ತೈತಿ. ಹಿಂದಿನ ಎಡಗಾಲಿ ಕೂಗಿದ್ರ ಮುಂದ ಬಲಕ್ಕ ಕೇಳಿಸಿದ್ದೂ ಐತಿ. ಈಗ ಟೈರಷ್ಟ ಜಾಗಾ ಬದಲಿಸ್ಯಾವ. ಇಲ್ಲೀತನಕ ಹಿಂದಿಂದ ಕೇಳಿದ ಸದ್ದು ಟೈರಿನ ಜೋಡಿ ಮುಂದಕ್ಕ ಬಂದ್ರ ಟೈರಿಂದ ಖರೆ. ಇದ್ದಲ್ಲೇ ಉಳಿದ್ರ ಬೇರಿಂಗಿಂದು. ಒಂದು ಸಲಕ್ಕ ಒಂದ ಬದಲಸಬೇಕು. ಬೇರಿಂಗು, ಟೈರು, ಬುಷ್ಷು ಮೂರೂ ಒಮ್ಮೆಲೆ ಹಾಕಿದ್ರ ಸದ್ದು ಹೋಗಬಹುದು. ಯಾವುದರಿಂದ ಹೋತು ಅಂತ ಯಾರೂ ಹೇಳಾಕ ಬರಂಗಿಲ್ಲ.

ಅಕ್ಕೋರು: ನಿಮ್ಮ ಮಾತಿಗೆ ಈ ಮಸ್ಕಿ ಗುಡ್ಡದ ಮ್ಯಾಲಿನ ಶಾಸನದ ಬಂಡಿ ನೆನಪಾತು. ಮಕ್ಕಳನ್ನ ಕರಕೊಂಡು ಬರ್ತೀವಲ್ಲ ವರ್ಷಾ ವರ್ಷಾ. ದೇವಾನಾಂಪ್ರಿಯ ಅಂತ ಕಲ್ಲಿನ ಮ್ಯಾಲ ಬರಸಿದ ರಾಜ ಅಶೋಕನ ಇರಬೇಕು ಅಂತ 1837ರಾಗ ಸಿಂಹಳದ ಹಳೇ ಗ್ರಂಥ ನೋಡಿ ವಿದ್ವಾಂಸರು ಹೇಳಿದ್ರು. ಒಳ್ಳೆ ಊಹೆ, ಆದ್ರ ಊಹೆ. 1915ರಾಗ ಬೀಡನ್ ಅಂತ ಚಿನ್ನದ ಗಣಿ ಇಂಜಿನಿಯರ್ ಈ ಬಂಡಿ ಕಂಡ. ಇದರಾಗ ಅಶೋಕ ಅನ್ನೋ ಹೆಸರ ಇತ್ತು. ಅವತ್ತಿಗೆ ಖಾತ್ರಿ ಆತು.

ಮಿಸ್ತ್ರಿ: ಹೆಸರು ಸಿಕ್ಕ ಮ್ಯಾಲ ಯಾರೂ ಎದುರು ಮಾತಾಡಲಿಲ್ಲಲ್ಲ? ಅಷ್ಟ ಬೇಕು ನನಗ. ನಿಮ್ಮ ರೊಕ್ಕ ಖರ್ಚು ಮಾಡಸೋಕಿಂತ ಮೊದಲು ನಾ ಅಷ್ಟು ತೋರಸಬೇಕು. ನಡೀರಿ ಲಿಂಗಸುಗೂರು ಕಡೆ.

ಎರಡು ಕಿಲೋಮೀಟರ್ ಸಾಕಾಯಿತು. ಬೆನ್ನ ಹಿಂದೆ ಇದ್ದ ಹುಂಯ್ ಸದ್ದು ಈಗ ಕಾಲ ಮುಂದೆ, ಎಡಗಡೆಯಿಂದ ಬರುತ್ತಿತ್ತು. ಅಕ್ಕೋರು ಕಾರು ಬದಿಗೆ ನಿಲ್ಲಿಸಿದರು. ಮಿಸ್ತ್ರಿ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಲು ಹೇಳಿ, ಎಡ ಟೈರಿನ ಮೈ ಕಾಣುವಂತೆ ಮಾಡಿ, ಅವರ ಕೈ ಅದರ ಮೇಲೆ ಇಡಿಸಿದರು.

ಮಿಸ್ತ್ರಿ: ಮ್ಯಾಲಿಂದ ಕೆಳಕ್ಕ ಅಂಗೈ ಸವರ್ರಿ. ಈಗ ಕೆಳಗಿಂದ ಮ್ಯಾಲಕ್ಕ.

ಅಕ್ಕೋರು: ಒಂದು ಕಡೆಗೆ ನುಣ್ಣಗೈತಿ. ಇನ್ನೊಂದು ಕಡೆಗೆ ಗರಗಸದ ಹಲ್ಲು ತಾಗಿದಂಗ ಕೈ ಹಿಡೀತೈತಿ! ಕಣ್ಣಿಗೆ ಏನೂ ಕಾಣಲಿಲ್ಲ.

ಮಿಸ್ತ್ರಿ: ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗತೈತಿ. ಟೈರಿನ ಮೈಯ ಒಂದೊಂದು ರಬ್ಬರ್ ತುಂಡಿನ ಒಂದು ಅಂಚು ಎತ್ತರ, ಒಂದು ಅಂಚು ಸವೆದೈತಿ. ಆ ಅಂಚು ಸೆಕೆಂಡಿಗೆ ನೂರಾರು ಸಲ ರಸ್ತಿ ಬಡೀತಾವ. ಅದ ನಿಮ್ಮ ಹುಂಯ್. ನಿಮ್ಮ ಗಾಡಿ ಎಳಿಯೋದು ಮುಂದಿನ ಗಾಲಿ. ಹಿಂದಿನವು ಸುಮ್ನ ಉರುಳತಾವ, ಭಾರ ಕಮ್ಮಿ. ಬಹಳ ದಿನ ಹಿಂದ ಬಿಟ್ರ ಹಿಂಗ ಹಲ್ಲು ಏಳತಾವ. ಶಾಕ್ ಸೋತಿದ್ರ ಬೇಗ ಏಳತಾವ. ಎಂಟ್ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದ ಮುಂದ ಮಾಡಸ್ತಾ ಇದ್ರ ಈ ಸದ್ದು ಬರಂಗಿಲ್ಲ.

ಅಕ್ಕೋರು: ಈಗ ಟೈರ್ ಒಗೀಬೇಕೇನು?

ಮಿಸ್ತ್ರಿ: ಟೈರಿನ ಗೆರಿ ನಡುವ ಸಣ್ಣ ಸಣ್ಣ ದಿಂಡು ಅದಾವ ನೋಡ್ರಿ. ಅವು 1.6 ಮಿಲಿಮೀಟರ್ ಎತ್ತರ. ಟೈರ್ ಸವೆದು ಅದರ ಸಮ ಬಂದ್ರ ತಗೀಬೇಕು. ನಿಮ್ಮದು ಇನ್ನೂ ಮ್ಯಾಲ ಐತಿ. ಪಕ್ಕಕ್ಕ ನಾಲ್ಕು ಅಂಕಿ ಬರೆದಾರ, ಓದ್ರಿ.

ಅಕ್ಕೋರು: 3121.

ಮಿಸ್ತ್ರಿ: 2021ರ 31ನೇ ವಾರ ತಯಾರಾಗಿದ್ದು. ಮೊದಲೆರಡು ಅಂಕಿ ವಾರ, ಕಡಿವು ವರ್ಷ. ಬ್ಯಾಸಗ್ಯಾಗ ನಮ್ಮ ಕಡೆ 40 ಡಿಗ್ರಿ ಮ್ಯಾಲ ಹೋಗ್ತೈತಿ, ರಬ್ಬರ್ ಬೇಗ ಗಟ್ಟಿ ಆಗ್ತೈತಿ. ಬದೀಗೆ ಸೀಳು ಬಿಟ್ಟಿಲ್ಲ, ಬುಗುಟಿ ಎದ್ದಿಲ್ಲ, ಇನ್ನೂ ಓಡಸಬಹುದು. ಮುಂದ ಇದ್ರ ಹಲ್ಲು ಮೆಲ್ಲಕ ಸವೆದು ಸಮ ಆಗ್ತಾವ, ಸದ್ದು ಇಳೀತೈತಿ. ಹಿಂದಿನ ಶಾಕ್ ಎರಡೂ ಬದಲಸೂಣು. ಅಲೈನ್‌ಮೆಂಟ್ ಮಾಡಿಸ್ರಿ. ಇಲ್ಲಂದ್ರ ಹೊಸ ಟೈರಿಗೂ ಇದ ಗತಿ. ಬುಗುಟಿ ಮಾತ್ರ ಮರಿಬ್ಯಾಡ್ರಿ. ಬದಿ ಉಬ್ಬಿದ್ರ ಒಳಗಿನ ದಾರ ಹರಿದೈತಿ ಅಂತ. 30, 40ರ ಸ್ಪೀಡಿಗೇ ಗಾಡಿ ಕುಂಟಿದಂಗ ಮಾಡಿದ್ರ ಟೈರಿನೊಳಗಿನ ಬೆಲ್ಟ್ ಬಿಟ್ಟಿರಬಹುದು. ಅಂಥಾದ್ದನ್ನ ಅಲ್ಲೇ ತಗದು ಸ್ಟೆಪ್ನಿ ಹಾಕಬೇಕು, ಊರು ಮುಟ್ಟಸ್ತೀನಿ ಅನಬಾರದು.

ಅಕ್ಕೋರು: ಖರೇನ ಬೇರಿಂಗ್ ಹೋದ್ರ ಹೆಂಗಿರ್ತೈತಿ?

ಮಿಸ್ತ್ರಿ: ನಮ್ಮಪ್ಪ ಹಟ್ಟಿ ಚಿನ್ನದ ಗಣ್ಯಾಗ ಫಿಟ್ಟರ್ ಇದ್ದ. ಉದ್ದನ ಕಬ್ಬಿಣದ ಸಳಿ ಮೋಟರಿನ ಮ್ಯಾಲ ಬೇರಿಂಗ್ ಕುಂತ ಜಾಗಾಕ್ಕ ಇಟ್ಟು, ಈ ಕಡೆ ತುದಿ ಕಿವಿಗೆ ಹಚ್ಚತಿದ್ದ. ಒಳ್ಳೆ ಬೇರಿಂಗ್ ಒಂದ ಸಮ ಗಾಳಿ ಹೋದಂಗ ಕೇಳತೈತಿ. ಕೆಟ್ಟದ್ದು ಒಳಗ ಉಸುಕು ಅರದಂಗ. ಕಾರಿಗೆ ಸಳಿ ಬ್ಯಾಡ. ಜಾಕ್ ಏರಿಸಿ ಕೆಳಗ ಸ್ಟ್ಯಾಂಡ್ ಕೊಟ್ಟು, ಒಂದು ಕೈಲೆ ಗಾಲಿ ತಿರುವಿ, ಇನ್ನೊಂದು ಕೈ ಸ್ಪ್ರಿಂಗ್ ಮ್ಯಾಲ ಇಡಬೇಕು. ಬೇರಿಂಗ್ ಕೆಟ್ಟಿದ್ರ ಆ ಉಸುಕು ಅರಿಯೋದು ಅಂಗೈಗೆ ಬರ್ತೈತಿ. ಆಮ್ಯಾಲ ಗಾಲಿಯ ಮ್ಯಾಲ ಕೆಳಗ ಹಿಡಿದು ಅಲಗಾಡಸಬೇಕು, ಎಡಬಲ ಹಿಡಿದು ಅಲಗಾಡಸಬೇಕು. ಎಡಬಲಕ್ಕಷ್ಟ ಆಡಿದ್ರ ಟೈ ರಾಡ್. ಮ್ಯಾಲ ಕೆಳಗೂ ಆಡಿದ್ರ ಒಬ್ಬರಿಗೆ ಬ್ರೇಕ್ ಒತ್ತಾಕ ಹೇಳಬೇಕು. ಬ್ರೇಕ್ ಒತ್ತಿದಾಗ ಅಲಗಾಟ ನಿಂತ್ರ ಬೇರಿಂಗ್, ನಿಲ್ಲದಿದ್ರ ಬಾಲ್ ಜಾಯಿಂಟ್ ನೋಡಬೇಕು. ಇಷ್ಟಕ್ಕ ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷ ಕೊಡದ ಬೇರಿಂಗ್ ಬರೆದುಕೊಡೋದು ನ್ಯಾಯ ಅಲ್ಲ.

ಅಕ್ಕೋರು: ನಮ್ಮ ಕಡೆ ಬೇರಿಂಗ್ ಯಾಕ ಬೇಗ ಹೋಗ್ತಾವ ಅಂತಾರ?

ಮಿಸ್ತ್ರಿ: ನೀರು. ಮೂವತ್ತು ನಲವತ್ತು ಕಿಲೋಮೀಟರ್ ಓಡಿ ಹಬ್ ಕಾದಿರ್ತೈತಿ. ಹಂಗ ಹಳ್ಳಕ್ಕೋ ಕಾಲುವಿ ನೀರಿಗೋ ಇಳಸ್ತೀವಿ. ಒಮ್ಮೆಲೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗತೈತಿ. ಸೀಲ್ ಹಳೇದಿದ್ರ ಹೊರಗಿನ ರಾಡಿ ನೀರು ಒಳಗ ಜಗ್ಗತೈತಿ. ಗ್ರೀಸ್ ಹಾಳಾತು, ಗುಂಡು ತುಕ್ಕು ಹಿಡೀತು. ಇನ್ನೊಂದು ಕಾರಣ ನಮ್ಮ ಮಂದೀದು, ಹೇಳಾಕ ಬ್ಯಾಸರ. ಹೊಸ ಬೇರಿಂಗನ್ನ ಸುತ್ತಿಗಿಲೆ ಬಡಿದು ಕೂಡಸ್ತಾರ. ಬೇರಿಂಗನ್ನ ಅದರ ಗೂಡಿನೊಳಗ ಕೂಡಸುವಾಗ ಪ್ರೆಸ್ಸಿನ ಒತ್ತು ಹೊರಗಿನ ಬಳಿ ಮ್ಯಾಲಷ್ಟ ಬೀಳಬೇಕು. ಒಳಗಿನ ಬಳಿ ಮ್ಯಾಲ ಒತ್ತಿದ್ರ, ಬಡಿದ್ರ, ಗುಂಡು ಓಡೋ ದಾರ್ಯಾಗ ಕಣ್ಣಿಗೆ ಕಾಣದ ಚುಕ್ಕಿ ಬೀಳತಾವ. ಗಾಡಿ ಹೊರಗ ಹೋಗೋಕಿಂತ ಮೊದಲ ಬೇರಿಂಗ್ ಮುಗೀತು. ಎಬಿಎಸ್ ಇರೋ ಗಾಡ್ಯಾಗ ಬೇರಿಂಗಿನ ಒಂದು ಮುಖಕ್ಕ ಅಯಸ್ಕಾಂತದ ಬಳಿ ಇರ್ತೈತಿ, ಅದು ಸೆನ್ಸರ್ ಕಡೆ ಬರಬೇಕು. ತಿರುವಿ ಹಾಕಿದ್ರ ಎಬಿಎಸ್ ದೀಪ ಹತ್ತತೈತಿ.

ಅಕ್ಕೋರು: ನಮ್ಮ ಶಾಲ್ಯಾಗ ಒಬ್ಬ ಸರ್ ಕಾರು ತಿರುವುವಾಗ ಕಟಕಟ ಅಂತೈತಿ. ಅದೂ ಟೈರ?

ಮಿಸ್ತ್ರಿ: ಪೂರ್ತಿ ಸ್ಟೇರಿಂಗ್ ಮುರಿದಾಗ ಕಟಕಟ ಅಂದ್ರ ಆಕ್ಸಲ್ಲಿನ ಹೊರಗಿನ ಜಾಯಿಂಟು. ರಬ್ಬರ್ ಬೂಟ್ ಹರಿದಿರ್ತೈತಿ, ರಿಮ್ಮಿನ ಒಳಗ ಗ್ರೀಸ್ ಸಿಡಿದಿರ್ತೈತಿ. ಬೂಟ್ ಹರಿದ ದಿನಾನ ನೋಡಿದ್ರ ಬೂಟು ಗ್ರೀಸಿನ್ಯಾಗ ಮುಗೀತೈತಿ, ಬಿಟ್ರ ಜಾಯಿಂಟ ಹೋಗ್ತೈತಿ. ಹಂಪ್ ದಾಟುವಾಗ ಟಕ್ ಟಕ್ ಅಂದ್ರ ಲಿಂಕ್ ರಾಡ್ ಇಲ್ಲಾ ಬುಷ್. ಒಮ್ಮೆಲೆ ಕರ್ ಅಂತ ಕಬ್ಬಿಣ ಉಜ್ಜಿದಂಗ ಶುರುವಾದ್ರ ಡಿಸ್ಕಿಗೂ ತಗಡಿಗೂ ನಡುವ ಕಲ್ಲು ಸಿಕ್ಕಿರ್ತೈತಿ. ಬ್ರೇಕ್ ಒತ್ತಿದಾಗಷ್ಟ ಕರ್ ಅಂದ್ರ ಪ್ಯಾಡ್ ಮುಗಿದೈತಿ, ಮುಂದ ಓಡಸಬಾರದು. ಸುಗ್ಗ್ಯಾಗ ರಸ್ತಿ ಮ್ಯಾಲ ಒಕ್ಕಣಿಗೆ ಹಾಕಿರ್ತಾರಲ್ಲ, ಅದರ ಮ್ಯಾಲ ಹಾಯ್ದು ಬಂದು ಕೆಳಗ ಏನೋ ಸವರಿದಂಗ ಸದ್ದು ಬಂದ್ರ ಅಲ್ಲೇ ನಿಂತು ಬಗ್ಗಿ ನೋಡ್ರಿ. ಹುಲ್ಲು ಆಕ್ಸಲ್ಲಿಗೆ ಸುತ್ತಿರ್ತೈತಿ. ಕಾದ ಸೈಲೆನ್ಸರ್ ಪೈಪಿಗೆ ತಾಗಿದ್ರ ಬೆಂಕಿ ಹತ್ತತೈತಿ. ಕರ್ನಾಟಕದಾಗ ಹಿಂಗ ಕಾರು ಸುಟ್ಟಾವ.

ಅಕ್ಕೋರು: ಇಷ್ಟರಾಗ ಎಲ್ಲಕ್ಕಿಂತ ಹೆದರಬೇಕಾದ್ದು ಯಾವುದು?

ಮಿಸ್ತ್ರಿ: ಸಡ್ಲಾದ ನಟ್. ಅದು ಮೊದಲು ಬಹಳ ಸಣ್ಣಗ ಹೇಳತೈತಿ. ಮೆಲ್ಲಕ ಹೋಗುವಾಗ ಕೊಡಕ್ ಕೊಡಕ್ ಅಂತೈತಿ, ಸ್ಪೀಡ್ ಹೆಚ್ಚಾದ್ರ ಸದ್ದು ಮುಚ್ಚತೈತಿ. ಮುಚ್ಚಿತಂತ ಓಡಿಸಿದ್ರ ಬೋಲ್ಟ್ ಕಡೀತೈತಿ, ಗಾಲಿ ಕಳಚತೈತಿ. ಬೇರೆ ಎಲ್ಲ ಸದ್ದೂ ನಾಳೆ ತನಕ ಕಾಯಬಹುದು ಅಂತ ಅಲ್ಲ, ಆದ್ರ ಇದು ಮುಂದಿನ ತಿರುವಿನ ತನಕಾನೂ ಕಾಯಂಗಿಲ್ಲ. ಪಾನಾ ಮ್ಯಾಲ ಕಾಲಿಟ್ಟು ಕುಣಿದು ಬಿಗಿ ಮಾಡೋದೂ ತಪ್ಪು, ಅದಕ್ಕೂ ಬೋಲ್ಟ್ ಜಗ್ಗಿ ಸೋಲತೈತಿ. ಎದುರುಬದುರು ನಟ್ ಹಿಡಿದು ಕೈಲೆ ಬಿಗಿ ಮಾಡ್ಕೊಂಡು, ಗಾಲಿ ನೆಲಕ್ಕ ಇಳಿಸಿ, ಕಂಪನಿ ಪುಸ್ತಕದಾಗ ಬರೆದಷ್ಟಕ್ಕ ಟಾರ್ಕ್ ಪಾನಾಲೆ ಕೊನೀ ಬಿಗಿ ಕೊಡಬೇಕು.

ಅಕ್ಕೋರು: ಮಸ್ಕ್ಯಾಗ ನಾಲ್ಕೂ ಬಿಚ್ಚಿದ್ವಲ್ಲ ಈಗ.

ಮಿಸ್ತ್ರಿ: ಅದಕ್ಕ ಹೇಳಾಕ ಹತ್ತೀನಿ. ಬಿಚ್ಚಿ ಹಾಕಿದ ಗಾಲಿ 50ರಿಂದ 100 ಕಿಲೋಮೀಟರ್ ಓಡಿದ ಮ್ಯಾಲ ನಟ್ಟಿಗೆ ಮತ್ತೊಮ್ಮೆ ಪಾನಾ ಹಚ್ಚಬೇಕು. ಲಿಂಗಸುಗೂರು ಮುಟ್ಟಿ ಹೊಳ್ಳಿ ಸಿಂಧನೂರಿಗೆ ಹೋಗುವಷ್ಟರಾಗ 80 ಕಿಲೋಮೀಟರ್ ಮ್ಯಾಲ ಆಗ್ತೈತಿ. ಮನಿಗೆ ಹೋಗಬ್ಯಾಡ್ರಿ, ಗಾಡಿ ನೇರ ಗ್ಯಾರೇಜಿಗೆ ತರ್ರಿ. ನಾಲ್ಕೂ ಗಾಲಿ ನಟ್ ನೋಡಿ ಬಿಡ್ತೀನಿ. ಶಾಲ್ಯಾಗಿನ ಆ ಸರ್‌ಗೂ ಹೇಳ್ರಿ, ನಾಳೆನ ಬೂಟ್ ತೋರಿಸ್ಲಿ.